ಹೊಟ್ಟೆಯ ಬೊಜ್ಜು ಮತ್ತು ಮಧುಮೇಹ

(ಸಮಾಜ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ಮಂಗಳ ಸಂದರ್ಭದಲ್ಲಿ ರೋಗದ ಮಾತನ್ನು ಎತ್ತುವುದು ಉಚಿತವೇ ಎಂದು ನಾನು ಕಾರ್ಯದರ್ಶಿಗಳನ್ನು ಮೊದಲೇ ಕೇಳಿದ್ದೆನು. "ಐದು ದಿನ ಭೋಜನಶಾಲೆ ನಡೆಯಲಿಕ್ಕಿದೆ, ಅದಕ್ಕೆ ಮುಂಚೆಯೇ ಹೇಳಿಬಿಡಿ" ಎಂದು ಅವರು ನಗುತ್ತ ಅಪ್ಪಣೆ ಕೊಟ್ಟರು. ನಾನು ವೈದ್ಯನಲ್ಲ. ಮೆಟ್ರಿಕ್ ಮುಗಿಸಿದ ಮಾರನೆಯ ವಾರದಿಂದಲೇ ತಂದೆಯವರ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತವನು. ಆದರೆ ನಾನು ಹೇಳಲಿರುವ ವಿಷಯಕ್ಕೆ ಬೇಕಾದ ಮುಖ್ಯ ಉಪಕರಣ ಬಟ್ಟೆ ವ್ಯಾಪಾರಿಯ ಕೊರಳಲ್ಲಿ ಸದಾ ಜೋತುಬಿದ್ದಿರುವ ಅಳತೆಯ ಟೇಪು. ವೈದ್ಯರಿಂದ ಕೇಳಿ ತಿಳಿದುದನ್ನೂ, ಓದಿ ತಿಳಿದುದನ್ನೂ, ಸ್ವಂತ ಮನೆಯಲ್ಲಿ ಕಂಡುದನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಅಣ್ಣನವರನ್ನು ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದೀರಿ. ನನಗೆ ವ್ಯಾಪಾರವನ್ನು ಕಲಿಸಿದವರು ಅವರು. ಐದೂವರೆ ಅಡಿ ಎತ್ತರ, ಅರವತ್ತು ಕಿಲೋ ತೂಕ. ಯಾರ ಕಣ್ಣಿಗೂ ಅವರು ದಪ್ಪನೆಯ ಮನುಷ್ಯರಲ್ಲ. ಪಂಚೆ ಉಟ್ಟು ನಿಂತಾಗ ಹೊಟ್ಟೆ ಮಾತ್ರ ಮುಂದಕ್ಕೆ ಬರುತ್ತಿತ್ತು. "ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ" ಎಂದು ಅತ್ತಿಗೆಯವರು ಹಾಸ್ಯ ಮಾಡುವರು. ಮದ್ಯಮಾಂಸಗಳ ಸೋಂಕಿಲ್ಲದ, ಬೀಡಿ ಸಿಗರೇಟು ಮುಟ್ಟದ, ಹೊತ್ತು ಮುಳುಗಿದ ಮೇಲೆ ಅನ್ನ ಸೇವಿಸದ ಜೀವ. ಸಕ್ಕರೆ ಕಾಯಿಲೆ ಬರುವುದು ಸ್ಥೂಲಕಾಯದವರಿಗೆ, ಅದೂ ನಿಯಮವಿಲ್ಲದೆ ಬಾಳುವವರಿಗೆ ಎಂದು ನಾವೆಲ್ಲರೂ ನಂಬಿದ್ದೆವು. ಆದಕಾರಣ ಅವರ ರಕ್ತವನ್ನು ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ.

2009ರಲ್ಲಿ ಅವರ ಚಪ್ಪಲಿಯ ಮೊಳೆಯೊಂದು ಮೇಲೆದ್ದು ಹೆಬ್ಬೆರಳಿಗೆ ಚುಚ್ಚಿತು. ಚುಚ್ಚಿದುದೇ ಅವರಿಗೆ ಗೊತ್ತಾಗಲಿಲ್ಲ. ಸಂಜೆ ಗಾದಿಯ ಬಿಳಿ ಬಟ್ಟೆಯ ಮೇಲೆ ರಕ್ತದ ಕಲೆ ಕಂಡ ಮೇಲೆಯೇ ತಿಳಿದದ್ದು. ಎರಡು ತಿಂಗಳಾದರೂ ಗಾಯ ಮಾಯಲಿಲ್ಲ. ರಕ್ತ ನೋಡಿದಾಗ ಬರಿಹೊಟ್ಟೆಯ ಸಕ್ಕರೆ ಮುನ್ನೂರನ್ನು ದಾಟಿತ್ತು. ಕಾಲಿನ ನರಗಳು ಸ್ಪರ್ಶವನ್ನು ಕಳೆದುಕೊಂಡಿರಬೇಕಾದರೆ ಈ ರೋಗವು ಹಲವು ವರ್ಷಗಳಿಂದ ಸದ್ದಿಲ್ಲದೆ ಒಳಗೆ ಕುಳಿತಿರಬೇಕು ಎಂದು ವೈದ್ಯರು ಹೇಳಿದರು. 2013ರಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. 2016ರಲ್ಲಿ ಮೂತ್ರಪಿಂಡಗಳು ಸೋತು ಅವರು ನಮ್ಮನ್ನು ಅಗಲಿದರು. ಅವರು ತೀರಿಕೊಂಡ ಮೇಲೆ ಅವರ ಜುಬ್ಬಾಗಳನ್ನು ದಾನಕ್ಕಾಗಿ ಮಡಿಸುತ್ತಿದ್ದಾಗ ಅಭ್ಯಾಸಬಲದಿಂದ ಒಂದರ ಮೇಲೆ ಟೇಪು ಹಿಡಿದು ನೋಡಿದೆನು. ಭುಜದ ಅಳತೆ ಸಣ್ಣ ಆಳಿನದು, ಹೊಟ್ಟೆಯ ಅಳತೆ ದೊಡ್ಡ ಆಳಿನದು. ಇಪ್ಪತ್ತು ವರ್ಷಗಳ ಕಾಲ ಆ ಜುಬ್ಬಾಗಳನ್ನು ಹೊಲಿಸಿ ಕೊಟ್ಟವನು ನಾನೇ. ಆ ಲೆಕ್ಕ ನನ್ನ ಕಣ್ಣ ಮುಂದೆಯೇ ಇದ್ದಿತು, ನಾನು ಓದಲಿಲ್ಲ.

ಹಾಗಾದರೆ ತೂಕವು ಹೇಳದೆ ಇದ್ದುದನ್ನು ಹೊಟ್ಟೆಯ ಅಳತೆ ಹೇಗೆ ಹೇಳುತ್ತದೆ? ಫ್ರಾನ್ಸ್ ದೇಶದ ಮಾರ್ಸೇಲ್ ಪಟ್ಟಣದ ವೈದ್ಯರಾದ ಜಾನ್ ವಾಗ್ ಎಂಬವರು 1947ರಲ್ಲಿಯೇ ಒಂದು ಲೇಖನವನ್ನು ಪ್ರಕಟಿಸಿ, ಬೊಜ್ಜು ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯವೆಂದು ತೋರಿಸಿದರು. ದೇಹದ ಮೇಲುಭಾಗದಲ್ಲಿ, ಹೊಟ್ಟೆಯ ಸುತ್ತ ಬೊಜ್ಜು ಕೂಡಿದವರಲ್ಲಿ ಮಧುಮೇಹ ಮತ್ತು ರಕ್ತನಾಳಗಳ ರೋಗ ಹೆಚ್ಚು. ತೊಡೆ ನಿತಂಬಗಳಲ್ಲಿ ಕೂಡಿದವರಲ್ಲಿ ಅಷ್ಟಿಲ್ಲ. ಆ ಮಾತಿಗೆ ಬಹುಕಾಲ ಯಾರೂ ಕಿವಿಗೊಡಲಿಲ್ಲ. ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದಲ್ಲಿ 1913ರಲ್ಲಿ ಹುಟ್ಟಿದ ಗಂಡಸರ ಸೊಂಟವನ್ನೂ ನಿತಂಬವನ್ನೂ ಅಳೆದು, ಹದಿಮೂರೂವರೆ ವರ್ಷ ಅವರನ್ನು ಗಮನಿಸಿ, 1985ರಲ್ಲಿ ವರದಿ ಬರೆದರು. ಸೊಂಟದ ಅಳತೆ ಹೆಚ್ಚಿದ್ದವರಲ್ಲಿಯೇ ಮಧುಮೇಹ ಹೆಚ್ಚಾಗಿ ಕಾಣಿಸಿಕೊಂಡಿತ್ತು. ಅದೇ ದಶಕದಲ್ಲಿ ಜಪಾನಿನ ಒಸಾಕಾ ನಗರದ ವೈದ್ಯರು ಸಿ.ಟಿ. ಸ್ಕ್ಯಾನ್ ಯಂತ್ರದ ಮೂಲಕ ಹೊಟ್ಟೆಯ ಒಳಗನ್ನೇ ನೋಡಿ, ಚರ್ಮದ ಕೆಳಗಿನ ಕೊಬ್ಬು ಬೇರೆ, ಕರುಳುಗಳ ನಡುವೆ ಅಡಗಿರುವ ಕೊಬ್ಬು ಬೇರೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದರು.

ನಮ್ಮ ಚರಕಸಂಹಿತೆಯಲ್ಲಿಯೂ ಪ್ರಮೇಹದ ಕಾರಣಗಳನ್ನು ಎಣಿಸುವಾಗ ಕುಳಿತಿರುವ ಸುಖ, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸುಗಳು ಎಂದಿದೆಯಂತೆ. ವ್ಯಾಪಾರಿಯ ದಿನಚರಿಯನ್ನೇ ನೋಡಿ ಬರೆದ ಹಾಗಿದೆ!

ಒಳಗಿನ ಈ ಕೊಬ್ಬು ಮಾಡುವ ಕೆಲಸವನ್ನು ವೈದ್ಯರೊಬ್ಬರು ನನಗೆ ವಿವರಿಸಿದರು. ನಾನು ಅದನ್ನು ಅಂಗಡಿಯ ಭಾಷೆಯಲ್ಲಿ ಅರ್ಥಮಾಡಿಕೊಂಡೆನು. ತಿಂದುದರಲ್ಲಿ ಖರ್ಚಾಗದೆ ಉಳಿದದ್ದು ಸರಕು. ಚರ್ಮದ ಕೆಳಗಿನ ಕೊಬ್ಬು ಅದಕ್ಕೆಂದೇ ಕಟ್ಟಿದ ಉಗ್ರಾಣ. ಅಲ್ಲಿ ಇಟ್ಟ ಸರಕು ಅಷ್ಟಾಗಿ ಉಪದ್ರವ ಕೊಡುವುದಿಲ್ಲ. ಆದರೆ ಎಲ್ಲರ ಉಗ್ರಾಣವೂ ಒಂದೇ ಅಳತೆಯದಲ್ಲ. ಕೆಲವರದು ವಿಶಾಲ, ಕೆಲವರದು ಇಕ್ಕಟ್ಟು. ಉಗ್ರಾಣ ತುಂಬಿದ ಮೇಲೂ ದಿನದಿನವೂ ಮೂಟೆಗಳು ಬಂದು ಇಳಿಯುತ್ತಿದ್ದರೆ ನಾವು ಏನು ಮಾಡುತ್ತೇವೆ? ಓಣಿಯಲ್ಲಿ ಇಡುತ್ತೇವೆ, ಮೆಟ್ಟಿಲ ಮೇಲೆ ಇಡುತ್ತೇವೆ, ಕೊನೆಗೆ ಗಾದಿಯ ಮೇಲೆಯೇ ಒಟ್ಟುತ್ತೇವೆ. ದೇಹವೂ ಹಾಗೆಯೇ ಮಾಡುತ್ತದೆ. ಮೊದಲು ಕರುಳಿನ ಸುತ್ತ, ಅನಂತರ ಯಕೃತ್ತಿನ ಒಳಗೆ, ಮೇದೋಜೀರಕ ಗ್ರಂಥಿಯ ಒಳಗೆ, ಸ್ನಾಯುಗಳ ಒಳಗೆ ಕೊಬ್ಬನ್ನು ತುರುಕುತ್ತದೆ. ಅವು ಸರಕು ಇಡುವ ಸ್ಥಳಗಳಲ್ಲ, ವ್ಯಾಪಾರ ನಡೆಯುವ ಸ್ಥಳಗಳು.

ಇನ್ಸುಲಿನ್ ಎಂಬುದು ಮೇದೋಜೀರಕ ಗ್ರಂಥಿಯಿಂದ ಹೊರಡುವ ಅಪ್ಪಣೆಯ ಚೀಟಿ. ರಕ್ತದಲ್ಲಿನ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿರಿ ಎಂದು ಅದು ಸ್ನಾಯುಗಳಿಗೆ ಹೇಳುತ್ತದೆ. ಸಕ್ಕರೆಯನ್ನು ಹೊರಗೆ ಬಿಡಬೇಡಿರಿ ಎಂದು ಯಕೃತ್ತಿಗೆ ಹೇಳುತ್ತದೆ. ಕರುಳಿನ ಭಾಗದಿಂದ ಹೊರಟ ರಕ್ತವು ಒಂದು ದೊಡ್ಡ ನಾಳದ ಮೂಲಕ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಆದುದರಿಂದ ಅಲ್ಲಿನ ಕೊಬ್ಬು ಕರಗಿ ಬಿಟ್ಟ ಜಿಡ್ಡು ಮೊದಲು ಯಕೃತ್ತನ್ನೇ ಸೇರುತ್ತದೆ. ಅದಲ್ಲದೆ ಕೊಬ್ಬು ಜಡವಾದ ಪದಾರ್ಥವಲ್ಲ, ತಾನೂ ಒಂದು ಗ್ರಂಥಿಯಂತೆ ನಾನಾ ರಸಗಳನ್ನು ರಕ್ತಕ್ಕೆ ಬಿಡುತ್ತದೆ ಎಂದು 1990ರ ದಶಕದಲ್ಲಿ ಸಿದ್ಧಪಟ್ಟಿದೆ. ಹೊಟ್ಟೆಯೊಳಗಿನ ಕೊಬ್ಬು ಬಿಡುವ ಕೆಲವು ರಸಗಳು ದೇಹದಲ್ಲಿ ಸಣ್ಣ ಉರಿಯೂತವನ್ನು ನಿರಂತರವಾಗಿ ಇರಿಸುತ್ತವೆ. ಇವೆಲ್ಲದರಿಂದ ಇನ್ಸುಲಿನ್ನಿನ ಮಾತಿಗೆ ಬೆಲೆ ಕಡಮೆಯಾಗುತ್ತದೆ. ಒಂದು ಚೀಟಿ ಸಾಲದೆ ಎರಡು ಚೀಟಿ, ಎರಡು ಸಾಲದೆ ನಾಲ್ಕು ಚೀಟಿ ಬರೆಯಬೇಕಾಗುತ್ತದೆ. ಬರೆದು ಬರೆದು ಗ್ರಂಥಿಯ ಕೈ ಸೋತ ದಿನ ರಕ್ತದಲ್ಲಿ ಸಕ್ಕರೆ ಏರುತ್ತದೆ. ಅದುವರೆಗೆ ಮನುಷ್ಯನಿಗೆ ನೋವಿಲ್ಲ, ಜ್ವರವಿಲ್ಲ. ಹೊಟ್ಟೆಯೊಂದು ಮುಂದೆ ಬಂದಿರುತ್ತದೆ, ಅಷ್ಟೆ. ನಮ್ಮ ಕಡೆ ಅದಕ್ಕೆ ಸಾಹುಕಾರನ ಹೊಟ್ಟೆ ಎಂದು ಗೌರವದ ಹೆಸರು ಬೇರೆ.

ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ವಿವರ ನನಗೆ ಬಹಳ ಮನವರಿಕೆಯಾಯಿತು. ಹದಿನೈದು ಮಂದಿ ಸ್ಥೂಲಕಾಯದ ಹೆಂಗಸರ ಹೊಟ್ಟೆಯ ಚರ್ಮದ ಕೆಳಗಿನಿಂದ ಸುಮಾರು ಹತ್ತು ಕಿಲೋದಷ್ಟು ಕೊಬ್ಬನ್ನು ಕೊಳವೆಯ ಮೂಲಕ ಹೀರಿ ತೆಗೆದರು. ಸೊಂಟ ಸಣ್ಣದಾಯಿತು, ತೂಕ ಇಳಿಯಿತು. ಆದರೆ ಇನ್ಸುಲಿನ್ನಿನ ಕೆಲಸ ಸ್ವಲ್ಪವೂ ಸುಧಾರಿಸಲಿಲ್ಲ. ಹೊರಗಿನ ಉಗ್ರಾಣವನ್ನು ಬರಿದು ಮಾಡಿದರೂ ಒಳಗೆ ಅಡಚಿಕೊಂಡ ಮೂಟೆಗಳು ಇದ್ದಲ್ಲಿಯೇ ಇದ್ದವು. ಹೊಟ್ಟೆಗೆ ಕಟ್ಟಿಕೊಂಡರೆ ಬೊಜ್ಜು ಕರಗುತ್ತದೆಂದು ಜಾಹೀರಾತು ಕೊಡುವ ಪಟ್ಟಿಗಳಿಗೆ ನಮ್ಮ ಕೆಲವು ಯುವಕರು ಸಾವಿರಾರು ರೂಪಾಯಿ ಸುರಿದಿದ್ದಾರೆ. ಅವರು ಈ ವಿಷಯವನ್ನು ಗಮನಿಸಬೇಕು.

ಇಕ್ಕಟ್ಟಾದ ಉಗ್ರಾಣ ಎಂದೆನಷ್ಟೆ. ಅದು ವಿಶೇಷವಾಗಿ ಭಾರತೀಯರ ಪಾಲಿಗೆ ಬಂದಿದೆ. ಲಂಡನ್ನಿನಲ್ಲಿ ನೆಲೆಸಿದ ಗುಜರಾತಿ, ಪಂಜಾಬಿ ಮುಂತಾದ ನಮ್ಮ ಉಪಖಂಡದ ಜನರನ್ನೂ ಅಲ್ಲಿನ ಬಿಳಿಯರನ್ನೂ ಹೋಲಿಸಿ 1991ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಧುಮೇಹವು ನಮ್ಮವರಲ್ಲಿ ಶೇಕಡ 19, ಅವರಲ್ಲಿ ಶೇಕಡ 4. ನಮ್ಮವರಲ್ಲಿ ಎದ್ದು ಕಂಡ ಲಕ್ಷಣವೇ ಹೊಟ್ಟೆಯ ಬೊಜ್ಜು. ಪುಣೆಯ ವೈದ್ಯರಾದ ಡಾ. ಯಾಜ್ಞಿಕ್ ಎಂಬವರು ಲಂಡನ್ನಿನ ಡಾ. ಯುಡ್ಕಿನ್ ಅವರ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಒಂದು ಭಾವಚಿತ್ರವು 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಬಂದಿತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ಒಂದೇ, 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ದೇಹದಲ್ಲಿನ ಕೊಬ್ಬು ಒಬ್ಬರದು ಶೇಕಡ 9.1, ನಮ್ಮವರದು ಶೇಕಡ 21.2! ಪುಣೆಯ ಹತ್ತಿರದ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳು ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಕೂಸುಗಳು 3.5 ಕಿಲೋ. ಆದರೂ ನಮ್ಮ ಕೂಸುಗಳಲ್ಲಿ ಕಡಮೆಯಾದದ್ದು ಹೆಚ್ಚಾಗಿ ಸ್ನಾಯು, ಕೊಬ್ಬು ಅಷ್ಟಾಗಿ ಅಲ್ಲ ಎಂದು ಅವರು ಕಂಡುಕೊಂಡಿದ್ದಾರೆ. ಎಂದರೆ ತೆಳ್ಳಗೆ ಕಾಣುವ ಕೊಬ್ಬಿನ ದೇಹವನ್ನು ನಾವು ತೊಟ್ಟಿಲಿನಿಂದಲೇ ತಂದಿರುತ್ತೇವೆ. ಬೊಜ್ಜಿನ ವಿಷಯದಲ್ಲಿ ಬಿಳಿಯರಿಗೆ ಹೊಂದುವ ತೂಕದ ಪಟ್ಟಿ ನಮಗೆ ಹೊಂದುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿಯೂ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಿದ್ದಿತು. ಮಧುಮೇಹಿಗಳು ಸುಮಾರು 10.1 ಕೋಟಿ, ಅದರ ಹೊಸ್ತಿಲಿನಲ್ಲಿ ನಿಂತವರು 13.6 ಕೋಟಿ. ಸ್ಥೂಲಕಾಯದವರು ಶೇಕಡ 28.6, ಹೊಟ್ಟೆಯ ಬೊಜ್ಜಿನವರು ಶೇಕಡ 39.5. ಈ ಎರಡು ಅಂಕಿಗಳ ನಡುವಣ ಅಂತರವನ್ನು ತಾವು ದಯಮಾಡಿ ಗಮನಿಸಬೇಕು. ತೂಕದ ಲೆಕ್ಕದಲ್ಲಿ ಪಾರಾಗಿ ಟೇಪಿನ ಲೆಕ್ಕದಲ್ಲಿ ಸಿಕ್ಕಿಬೀಳುವವರು ಆ ಅಂತರದಲ್ಲಿದ್ದಾರೆ. ನಮ್ಮ ಅಣ್ಣನವರು ಅಂತಹವರಲ್ಲಿ ಒಬ್ಬರು.

ಈಗ ಅಳತೆಯ ಮಾತು. ಇದರಲ್ಲಿ ನಾನು ಸ್ವಲ್ಪ ಅಧಿಕಾರದಿಂದ ಮಾತನಾಡಬಲ್ಲೆ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ವೈದ್ಯರು ಗಡಿ ಹಾಕಿದ್ದಾರೆ. ಅಂಗುಲದಲ್ಲಿ ಹೇಳುವುದಾದರೆ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. "ನನ್ನ ಪ್ಯಾಂಟು ಮೂವತ್ತನಾಲ್ಕು, ನನಗೇನೂ ಭಯವಿಲ್ಲ" ಎಂದು ಯಾರೂ ಸಮಾಧಾನ ಪಡಬಾರದು. ಗಂಡಸರು ಪ್ಯಾಂಟನ್ನಾಗಲಿ ಪಂಚೆಯನ್ನಾಗಲಿ ಕಟ್ಟುವುದು ಹೊಟ್ಟೆಯ ಕೆಳಗೆ. ಹೊಟ್ಟೆ ಬೆಳೆದಂತೆ ಕಟ್ಟು ಕೆಳಗಿಳಿಯುತ್ತದೆಯೇ ಹೊರತು ಅಂಕಿ ಏರುವುದಿಲ್ಲ. ಮೂವತ್ತನಾಲ್ಕರ ಪ್ಯಾಂಟು ಕೇಳಿ ನಲವತ್ತರ ಹೊಟ್ಟೆ ಹೊತ್ತು ಹೋಗುವ ಗಿರಾಕಿಗಳನ್ನು ನಾನು ನಿತ್ಯವೂ ಕಾಣುತ್ತೇನೆ. ಅಳೆಯಬೇಕಾದ ಸ್ಥಳವು ಪಕ್ಕೆಲುಬಿನ ಕೊನೆಯ ಎಲುಬಿಗೂ ಸೊಂಟದ ಮೂಳೆಯ ಮೇಲುತುದಿಗೂ ನಡುವೆ ಇದೆ. ನೇರವಾಗಿ ನಿಂತು, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ, ಟೇಪನ್ನು ಬಿಗಿಯದೆ, ಬೆನ್ನ ಹಿಂದೆ ಜಾರದಂತೆ ಸಮನಾಗಿ ಹಿಡಿಯಬೇಕು. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡರೆ ಮೋಸಹೋಗುವವರು ನಾವೇ.

ಟೇಪು ಇಲ್ಲದವರಿಗೆ ದಾರ ಸಾಕು. ತಮ್ಮ ಎತ್ತರದಷ್ಟು ದಾರವನ್ನು ಕತ್ತರಿಸಿ, ಎರಡಾಗಿ ಮಡಿಸಿ, ಆ ಅರ್ಧವನ್ನು ಸೊಂಟಕ್ಕೆ ಸುತ್ತಿ ನೋಡಿರಿ. ತುದಿಗಳು ಕೂಡದಿದ್ದರೆ ರಕ್ತಪರೀಕ್ಷೆಯನ್ನು ಮುಂದೂಡುವಂತಿಲ್ಲ. ಸೊಂಟವು ಎತ್ತರದ ಅರ್ಧಕ್ಕಿಂತ ಕಡಮೆಯಿರಬೇಕೆಂಬ ಈ ನಿಯಮವನ್ನು 2022ರಲ್ಲಿ ಇಂಗ್ಲೆಂಡಿನ ಆರೋಗ್ಯ ಮಾರ್ಗದರ್ಶಿಯಲ್ಲಿಯೂ ಸೇರಿಸಿದ್ದಾರೆ. ರಕ್ತದಲ್ಲಿ ಬರಿಹೊಟ್ಟೆಯ ಸಕ್ಕರೆ ನೂರಕ್ಕಿಂತ ಕೆಳಗಿರಬೇಕು. 126 ಮತ್ತು ಅದಕ್ಕೆ ಮೇಲ್ಪಟ್ಟು ಇನ್ನೊಮ್ಮೆ ಕಂಡುಬಂದರೆ ಅದು ಮಧುಮೇಹ.

ಮಾತೆಯರಿಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಗಂಡಸರ ರಕ್ತವನ್ನು ನೋಡಿಸುವಷ್ಟು ಹೆಂಗಸರದನ್ನು ನೋಡಿಸುವುದಿಲ್ಲ. ಮುಟ್ಟು ನಿಂತ ಮೇಲೆ ತೊಡೆಗಳಲ್ಲಿ ಇರಬೇಕಾದ ಕೊಬ್ಬು ಹೊಟ್ಟೆಗೆ ವರ್ಗವಾಗುತ್ತದೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಣಿಸಿಕೊಂಡು ಹೆರಿಗೆಯ ಬಳಿಕ ಹೋದವರಿಗೆ ಮುಂದೆ ಮಧುಮೇಹ ಬರುವ ಸಂಭವ ಹೆಚ್ಚು. ಅವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಉತ್ತಮ.

ಇನ್ನು ಆಹಾರ. ಈ ವಿಷಯದಲ್ಲಿ ನಮ್ಮ ಸಮಾಜಕ್ಕೆ ಒಂದು ಬಗೆಯ ಅಹಂಕಾರವಿದೆ. ಅದನ್ನು ಮುಚ್ಚಿಡದೆ ಹೇಳಿದರೆ ತಾವು ಕ್ಷಮಿಸಬೇಕು. ಶುದ್ಧ ಸಸ್ಯಾಹಾರ ಎಂದ ಮಾತ್ರಕ್ಕೆ ಅದು ಹಗುರವಾದ ಆಹಾರವೆಂದು ಅರ್ಥವಲ್ಲ. ಅನ್ನ, ಅದರ ಮೇಲೆ ತುಪ್ಪ, ಹೋಳಿಗೆ, ಕರಿದ ತಿಂಡಿ, ಮೇಲೊಂದು ಲೋಟ ಸಕ್ಕರೆಯ ಪಾನಕ. ಇವುಗಳಲ್ಲಿ ಹಿಂಸೆಯಿಲ್ಲದಿರಬಹುದು, ಮೂಟೆಗಳ ಲೆಕ್ಕದಲ್ಲಿ ವಿನಾಯಿತಿಯಿಲ್ಲ. ಮೊದಲು ಹೇಳಿದ ಸಮೀಕ್ಷೆಯವರೇ 2025ರಲ್ಲಿ ಪ್ರಕಟಿಸಿದ ಪ್ರಕಾರ ಭಾರತೀಯರ ಊಟದ ಶಕ್ತಿಯಲ್ಲಿ ಶೇಕಡ 62ರಷ್ಟು ಧಾನ್ಯ ಸಕ್ಕರೆಗಳಂತಹ ಪಿಷ್ಟದಿಂದಲೇ ಬರುತ್ತದೆ. ಬೇಳೆಕಾಳುಗಳ ಪಾಲು ತೀರ ಕಡಮೆ. ತಟ್ಟೆಯಲ್ಲಿ ಅನ್ನದ ಗುಡ್ಡೆಯನ್ನು ಅರ್ಧ ಮಾಡಿ ಹೆಸರುಕಾಳು, ಕಡಲೆ, ತೊಗರಿ, ಪಡವಲ, ಹೀರೆ, ಸೋರೆಗಳಿಗೆ ಆ ಜಾಗ ಬಿಟ್ಟರೆ ನಮ್ಮ ಯಾವ ನಿಯಮಕ್ಕೂ ಭಂಗವಿಲ್ಲ.

ಹಗಲಿನಲ್ಲಿಯೇ ಊಟ ಮುಗಿಸುವ ನಮ್ಮ ರೂಢಿ ಇದಕ್ಕೆ ಅನುಕೂಲವೆಂದು ಹೇಳುವವರುಂಟು. ಅಮೆರಿಕದಲ್ಲಿ 2018ರಲ್ಲಿ ಮಧುಮೇಹದ ಹೊಸ್ತಿಲಿನಲ್ಲಿದ್ದವರಿಗೆ ಮಧ್ಯಾಹ್ನ ಮೂರು ಗಂಟೆಯೊಳಗೆ ದಿನದ ಊಟವನ್ನೆಲ್ಲ ಮುಗಿಸುವಂತೆ ಐದು ವಾರ ನಿಯಮ ಮಾಡಿ ನೋಡಿದರು. ತೂಕ ಇಳಿಯದಿದ್ದರೂ ಇನ್ಸುಲಿನ್ನಿನ ಕೆಲಸ ಸುಧಾರಿಸಿತು. ಪರೀಕ್ಷೆಗೆ ಒಳಗಾದವರು ಎಂಟೇ ಮಂದಿ. ಅಷ್ಟರ ಮೇಲೆ ಮಹಡಿ ಕಟ್ಟುವುದು ಬೇಡ. ನನ್ನ ಅನುಭವದಲ್ಲಿ ರಾತ್ರಿ ಹಸಿವಾದೀತೆಂಬ ಭಯದಿಂದ ಸಂಜೆ ಐದೂವರೆಗೆ ಎರಡರಷ್ಟು ಉಂಡು, ಮತ್ತೆ ಬಂದು ಗಾದಿಯ ಮೇಲೆ ಎಂಟೂವರೆಯವರೆಗೆ ಕುಳಿತಿರುವುದೇ ನಮ್ಮ ಪದ್ಧತಿಯಾಗಿದೆ.

ಉಪವಾಸದ ವಿಷಯದಲ್ಲಿ ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ರಂಥಿಯನ್ನು ಪ್ರಚೋದಿಸುವ ಕೆಲವು ಮಾತ್ರೆಗಳನ್ನು ನುಂಗುವವರು ವೈದ್ಯರನ್ನು ಕೇಳದೆ ಉಪವಾಸ, ಏಕಾಶನ ಹಿಡಿಯಬಾರದು. 2011ರ ದಶಲಕ್ಷಣ ಪರ್ವದಲ್ಲಿ ನಮ್ಮ ಅಣ್ಣನವರು ಉಪವಾಸವಿದ್ದು, ಮಾತ್ರೆಯನ್ನು ಮಾತ್ರ ಬಿಡದೆ ಮುಂಜಾನೆಯೇ ನುಂಗಿ ಬಸದಿಗೆ ಹೊರಟರು. ಮೆಟ್ಟಿಲಿನ ಮೇಲೆ ಬೆವರು ಸುರಿದು, ಕೈ ನಡುಗಿ, ಮಾತು ತೊದಲಿ ಕುಸಿದರು. ಭಕ್ತಿಯ ಪರವಶತೆಯೆಂದು ಕೆಲವರು ತಿಳಿದರು. ಸಕ್ಕರೆ ನಲವತ್ತಕ್ಕೆ ಇಳಿದಿತ್ತು. ಸಮಯಕ್ಕೆ ಯಾರೋ ಬೆಲ್ಲದ ನೀರು ಕುಡಿಸಿದ್ದರಿಂದ ಉಳಿದರು. ಅಂತಹವರಿಗೆ ವೈದ್ಯರು ಮಾತ್ರೆಯ ಪ್ರಮಾಣವನ್ನು ಬದಲಾಯಿಸಬಲ್ಲರು, ಅಥವಾ ಬೇಡವೆನ್ನಬಲ್ಲರು. ಪಾರಣೆಯ ದಿನ ಎರಡು ದಿನಗಳ ಬಾಕಿಯನ್ನು ಒಟ್ಟಿಗೆ ತೀರಿಸುವುದೂ ಬೇಡ.

ಒಳಗಿನ ಈ ಕೊಬ್ಬಿನಲ್ಲಿ ಒಂದು ಒಳ್ಳೆಯ ಗುಣವೂ ಇದೆ. ಕೊನೆಗೆ ಬಂದ ಆಳಿನಂತೆ, ಖರ್ಚು ಹೆಚ್ಚಾದರೆ ಮೊದಲು ಹೊರಟುಹೋಗುವುದು ಅದೇ. ತೂಕದಲ್ಲಿ ನಾಲ್ಕಾರು ಕಿಲೋ ಇಳಿದರೂ ಯಕೃತ್ತಿನ ಜಿಡ್ಡು ಬಹಳವಾಗಿ ಕರಗುತ್ತದೆ. ಚೆನ್ನೈಯಲ್ಲಿ ಡಾ. ರಾಮಚಂದ್ರನ್ ಅವರ ಮುಂದಾಳುತನದಲ್ಲಿ ಮಧುಮೇಹದ ಹೊಸ್ತಿಲಿನಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಊಟದ ಹಿಡಿತ ಮತ್ತು ದಿನಕ್ಕೆ ಅರ್ಧ ಗಂಟೆಯ ಚುರುಕು ನಡಿಗೆಯಿಂದಲೇ ಕಾಯಿಲೆಯ ಸಂಭವ ಶೇಕಡ 28.5ರಷ್ಟು ತಗ್ಗಿತ್ತು. ಮಾತ್ರೆ ಕೊಟ್ಟ ಗುಂಪಿನಲ್ಲಿ ತಗ್ಗಿದ್ದು ಶೇಕಡ 26.4. ನಡಿಗೆಯ ಜೊತೆಗೆ ಸ್ನಾಯುಗಳಿಗೆ ಭಾರದ ಕೆಲಸವೂ ಬೇಕು, ಏಕೆಂದರೆ ಉಂಡ ಸಕ್ಕರೆಯನ್ನು ಹೆಚ್ಚಾಗಿ ಕೊಳ್ಳುವ ಗಿರಾಕಿ ಸ್ನಾಯುವೇ. ನಮ್ಮ ಅಂಗಡಿಯಲ್ಲಿ ಥಾನುಗಳನ್ನು ಮೇಲಿನ ಅಟ್ಟದಿಂದ ಇಳಿಸಿ ಏರಿಸುವ ಆಳಿಗೆ ಅರವತ್ತು ವರ್ಷ, ಹೊಟ್ಟೆಯಿಲ್ಲ. ಮಾಲೀಕನಿಗಿತ್ತು.

ಮಾಲೀಕನ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. 2019ರಲ್ಲಿ ನನ್ನ ಎತ್ತರ 165 ಸೆಂಟಿಮೀಟರ್, ತೂಕ 64 ಕಿಲೋ, ಸೊಂಟ 97. ಮೂರು ತಿಂಗಳ ಸರಾಸರಿ ಸಕ್ಕರೆ 6.3, ಹೊಸ್ತಿಲಿನ ಮೇಲೆ ಒಂದು ಕಾಲು. ಅಣ್ಣನವರ ಜುಬ್ಬಾ ನೆನಪಾಗಿ ಆ ರಾತ್ರಿ ನಿದ್ರೆ ಬರಲಿಲ್ಲ. ಗಾದಿಯನ್ನು ತೆಗೆಸಿ, ನಿಂತು ವ್ಯಾಪಾರ ಮಾಡುವಂತೆ ಎತ್ತರದ ಮೇಜನ್ನು ಹಾಕಿಸಿದೆನು. ಸಂಜೆಯ ಊಟದ ಬಳಿಕ ಕೆರೆಯ ದಂಡೆಯ ಮೇಲೆ ಮುಕ್ಕಾಲು ಗಂಟೆ ನಡೆದೇ ಅಂಗಡಿಗೆ ಮರಳುತ್ತೇನೆ. ಮಧ್ಯಾಹ್ನದ ಅನ್ನ ಅರ್ಧವಾಯಿತು. ಎರಡು ವರ್ಷಗಳಲ್ಲಿ ಸೊಂಟ 88ಕ್ಕೆ, ಸಕ್ಕರೆ 5.6ಕ್ಕೆ ಇಳಿಯಿತು. ದಾರದ ಲೆಕ್ಕದಲ್ಲಿ ಇನ್ನೂ ಐದು ಸೆಂಟಿಮೀಟರಿಗೂ ಮೇಲೆ ಬಾಕಿಯಿದೆ, ಅದನ್ನು ಮರೆಮಾಡುವುದಿಲ್ಲ.

ಅಣ್ಣನವರ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುತ್ತಾನೆ. ಇಪ್ಪತ್ತೊಂಬತ್ತು ವರ್ಷ, ತಂದೆಯದೇ ಮೈಕಟ್ಟು. ಕಳೆದ ತಿಂಗಳು ಮದುವೆಯ ಶೇರವಾನಿಗೆ ಅಳತೆ ಕೊಡಲು ಅಂಗಡಿಗೆ ಬಂದಿದ್ದನು. ಭುಜ ಅಳೆದೆ, ತೋಳು ಅಳೆದೆ. ಸೊಂಟಕ್ಕೆ ಬಂದಾಗ ಉಸಿರು ಹಿಡಿದನು. "ಉಸಿರು ಬಿಡಪ್ಪ" ಎಂದೆ. "ಬೇಡ ಚಿಕ್ಕಪ್ಪ, ಅಂದಾಜಿನಲ್ಲಿ ಬರೆದುಕೊಳ್ಳಿ" ಎಂದನು. ನಾನು ಟೇಪನ್ನು ಹಿಡಿದುಕೊಂಡೇ ನಿಂತೆನು. ಬಹಳ ಹೊತ್ತಿನ ಮೇಲೆ ಉಸಿರು ಬಿಟ್ಟನು. ತೊಂಬತ್ತೈದು. ಮಾರನೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಇಬ್ಬರೂ ಹೋಗಿ ರಕ್ತ ಕೊಟ್ಟು ಬಂದೆವು. ಅವನದು 112. ಈಗ ದಿನವೂ ಸಂಜೆ ಎಷ್ಟು ಹೆಜ್ಜೆ ನಡೆದನೆಂದು ನನಗೆ ಫೋನಿನಲ್ಲಿ ಕಳುಹಿಸುತ್ತಾನೆ. ಕಳುಹಿಸದ ದಿನ ನಾನೇ ಫೋನು ಮಾಡುತ್ತೇನೆ.

ಭೋಜನಶಾಲೆಯ ಎಡಪಕ್ಕದ ಕೊಠಡಿಯಲ್ಲಿ ಮಹೋತ್ಸವದ ಐದು ದಿನವೂ ಟೇಪು ಇರುತ್ತದೆ. ಮಾತೆಯರಿಗೆ ಬೇರೆ ಕೊಠಡಿಯನ್ನು ಏರ್ಪಡಿಸಿದೆ, ಅಲ್ಲಿ ನಮ್ಮ ಮನೆಯವರು ಇರುತ್ತಾರೆ. ಅಳತೆಯನ್ನು ಚೀಟಿಯಲ್ಲಿ ಬರೆದು ತಮ್ಮ ಕೈಗೇ ಕೊಡಲಾಗುವುದು, ಇನ್ನೊಬ್ಬರಿಗೆ ತೋರಿಸುವುದಿಲ್ಲ. ಊಟಕ್ಕೆ ಕುಳಿತುಕೊಳ್ಳುವ ಮೊದಲೇ ಬರಬೇಕಾಗಿ ಪ್ರಾರ್ಥನೆ.